ಕಡವೆಗೆ ತಕ್ಕ ಕೋವಿ

ಮನೆಮಂದಿಯೆಲ್ಲರೂ ಓದುವ ಪತ್ರಿಕೆಯಲ್ಲಿ ಕೋವಿ ಗುಂಡುಗಳ ಪ್ರಸ್ತಾಪವೇಕೆಂದು ವಾಚಕ ಮಹಾಶಯರು ಕೇಳಬಹುದು. ಕೇಳುವುದು ನ್ಯಾಯವೇ ಸರಿ. ಅತ್ತಿಗುಂಡಿಯ ಬಳಿ, ಬಾಬಾ ಬುಡನ್ ಗಿರಿಯ ಇಳಿಜಾರಿನಲ್ಲಿ, ಅಜ್ಜಯ್ಯನವರ ಕಾಲದಿಂದ ಬಂದ ಸಣ್ಣದೊಂದು ಕಾಫಿತೋಟವನ್ನು ನೋಡಿಕೊಂಡು ಕಾಲ ಕಳೆಯುತ್ತಿರುವ ನಮಗೆ ಬೇಟೆಯ ಹವ್ಯಾಸವಿಲ್ಲ. ನಮ್ಮ ನಾಡಿನಲ್ಲಿ ಇಂದು ಬೇಟೆಗೆ ಕಾನೂನಿನ ಆಸ್ಪದವೂ ಇಲ್ಲ. ಆದರೆ ಹೋದ ವರ್ಷ ಒಂದು ಪ್ರಶ್ನೆ ತಾನಾಗಿಯೇ ನಮ್ಮ ಮನೆಯನ್ನು ಹುಡುಕಿಕೊಂಡು ಬಂದಿತು. ಬಂದು, ಜಗಲಿಯಿಂದ ಅಡಿಗೆಮನೆಯವರೆಗೆ ಎಲ್ಲರನ್ನೂ ಮಾತಿಗೆಳೆಯಿತು. ಕೊಲ್ಲುವ ಕೈಗೂ ದಯೆಗೂ ಏನಾದರೂ ಸಂಬಂಧವುಂಟೇ ಎಂಬುದೇ ಆ ಪ್ರಶ್ನೆಯ ತಿರುಳಾದುದರಿಂದ, ಕೋವಿಯನ್ನು ಎಂದೂ ಮುಟ್ಟದ ಗೃಹಸ್ಥರಿಗೂ ಅದರಲ್ಲಿ ಯೋಚಿಸತಕ್ಕದ್ದು ಇದೆಯೆಂದು ನಾವು ನಂಬಿದ್ದೇವೆ.

ನಮ್ಮ ಅಣ್ಣನ ಮಗನು ಅಮೆರಿಕದ ಕೊಲೊರಾಡೊ ಪ್ರಾಂತದಲ್ಲಿ ಹಲವು ವರ್ಷಗಳಿಂದ ನೆಲಸಿದ್ದಾನೆ. ಅವನು ಬರೆದದ್ದು ಇಷ್ಟು: "ಚಿಕ್ಕಪ್ಪ, ಇಲ್ಲಿ ಎಲ್ಕ್ ಬೇಟೆಗೆ ನನಗೆ ಸರಕಾರದ ಪರವಾನಗಿ ಸಿಕ್ಕಿದೆ. ಯಾವ ಅಳತೆಯ ರೈಫಲ್ ಕೊಳ್ಳಬೇಕೆಂಬುದು ತಿಳಿಯದು. ಅಂಗಡಿಯವನದು ಒಂದು ಮಾತು, ಸ್ನೇಹಿತರದು ಇನ್ನೊಂದು. ಮೃಗಕ್ಕೆ ನೋವಾಗಕೂಡದು, ಅಷ್ಟೆ. ಮುತ್ತಜ್ಜನವರು ಏನು ಹೇಳುತ್ತಿದ್ದರೆಂದು ನಿಮಗೆ ನೆನಪಿದ್ದರೆ ಬರೆಯಿರಿ."

ಇದನ್ನು ಓದಿ ಹೇಳಿದಾಗ ಹುಡುಗನ ತಾಯಿ, ಎಂದರೆ ನಮ್ಮ ಅತ್ತಿಗೆಯವರು, ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು, "ಯಾವುದರಿಂದ ಕೊಂದರೆ ಒಳ್ಳೆಯದು ಎಂದು ಕೇಳಿದ್ದಾನೆ, ಕೊಲ್ಲುವುದು ಒಳ್ಳೆಯದೇ ಎಂದು ಕೇಳಲಿಲ್ಲವಲ್ಲ" ಎಂದರು. ಎರಡು ಪ್ರಶ್ನೆಗಳಿಗೂ ಉತ್ತರ ಕೊಡಬೇಕಾದ ಹೊಣೆ ಹೀಗೆ ನಮ್ಮ ಮೇಲೆ ಬಿದ್ದಿತು. ಸುಲಭವಾದುದನ್ನು ಮೊದಲು ಎತ್ತಿಕೊಂಡೆವು.

ಎಲ್ಕ್ ಎಂಬ ಹೆಸರಿನಿಂದಲೇ ಆರಂಭಿಸಬೇಕು. ಯುರೋಪಿನ ಉತ್ತರದೇಶಗಳಲ್ಲಿ ಆ ಹೆಸರು ಸಲಿಕೆಯಂತೆ ಅಗಲವಾದ ಕೊಂಬುಗಳುಳ್ಳ ಒಂದು ಭಾರಿ ಮೃಗಕ್ಕೆ ಸಲ್ಲುತ್ತದೆ. ಅದೇ ಮೃಗವನ್ನು ಅಮೆರಿಕದವರು ಮೂಸ್ ಎನ್ನುತ್ತಾರೆ. ಯುರೋಪಿನಿಂದ ಅಮೆರಿಕಕ್ಕೆ ಹೋದವರು ಅಲ್ಲಿ ಕಂಡ ಬೇರೊಂದು ದೊಡ್ಡ ಜಿಂಕೆಗೆ ತಮ್ಮೂರಿನ ಹೆಸರನ್ನು ಕಟ್ಟಿಬಿಟ್ಟರು; ಅದಕ್ಕೆ ವಾಪಿಟಿ ಎಂಬುದು ಆ ನೆಲದವರ ಹೆಸರು. ಸಿಂಹಳಕ್ಕೂ ದಕ್ಷಿಣ ಹಿಂದೂಸ್ಥಾನದ ಕಾಫಿ ಬೆಟ್ಟಗಳಿಗೂ ಬಂದ ಇಂಗ್ಲಿಷ್ ಪ್ಲಾಂಟರುಗಳು ಮೂರನೆಯ ಸಲ ಅದೇ ಹೆಸರನ್ನು ತಂದು ನಮ್ಮ ಕಡವೆಗೆ ಇಟ್ಟರು. ಹತ್ತೊಂಬತ್ತನೆಯ ಶತಮಾನದ ನಡುವೆ ಸಿಂಹಳದ ನುವಾರ ಎಲಿಯದಲ್ಲಿ ನೆಲಸಿದ್ದ ಸ್ಯಾಮ್ಯುಯೆಲ್ ಬೇಕರ್ ಎಂಬಾತನು ನಾಯಿಗಳ ಹಿಂಡನ್ನು ಬಿಟ್ಟು, ಬೇಟೆಗತ್ತಿ ಹಿಡಿದು ಅಟ್ಟುತ್ತಿದ್ದ 'ಎಲ್ಕ್' ಕಡವೆಯೇ ಹೊರತು ಬೇರೆಯಲ್ಲ. ಆದುದರಿಂದ ನಮ್ಮ ಹುಡುಗನು ಎಲ್ಕ್ ಎಂದು ಬರೆದಾಗ ಅತ್ತಿಗುಂಡಿಯಲ್ಲಿ ಕುಳಿತ ನಮಗೆ ಕಣ್ಣ ಮುಂದೆ ನಿಂತುದು ಶೋಲೆಯ ಅಂಚಿನಲ್ಲಿ ಕಿವಿ ನಿಮಿರಿಸಿದ ಕಡವೆ.

ಹೆಸರು ತಪ್ಪಾದರೂ ಹೋಲಿಕೆ ಪೂರ್ತಿ ತಪ್ಪಲ್ಲ. ಬೆಳೆದ ಗಂಡು ಕಡವೆ ಇನ್ನೂರು ಕಿಲೋಗ್ರಾಮಿಗೆ ಮೀರಿ, ಕೆಲವೊಮ್ಮೆ ಮುನ್ನೂರರವರೆಗೂ ತೂಗುತ್ತದೆ. ಅಮೆರಿಕದ ಗಂಡು ಎಲ್ಕ್ ಸುಮಾರು ೩೨೦, ಹೆಣ್ಣು ಸುಮಾರು ೨೨೫ ಕಿಲೋಗ್ರಾಮು ತೂಗುವುದು. ಎರಡಕ್ಕೂ ದಪ್ಪನೆಯ ಚರ್ಮ, ಅಗಲವಾದ ಹೆಗಲೆಲುಬು, ಗಾಯವಾದರೂ ಮೈಲಿಗಟ್ಟಲೆ ಓಡಬಲ್ಲ ಜೀವಶಕ್ತಿ. ಭೇದವಿರುವುದು ನೆಲದಲ್ಲಿ. ನಮ್ಮ ಕಡವೆ ಇರುಳಿನ ಪ್ರಾಣಿ. ಹಗಲೆಲ್ಲ ಹಳುವಿನಲ್ಲಿ ಅಡಗಿದ್ದು ಕತ್ತಲಾದ ಮೇಲೆ ಬೋಳುಗುಡ್ಡಕ್ಕೂ ನೀರಿಗೂ ಇಳಿಯುತ್ತದೆ. ಹಿಂದಿನವರು ಇಲ್ಲಿ ಹಳು ಸೋವಿಸಿ ಬಿಲ್ಲಿನಲ್ಲಿ ಕುಳಿತೋ, ಮರಸು ಕುಳಿತೋ, ನಲವತ್ತು ಐವತ್ತು ಗಜದೊಳಗೆ ಈಡು ಹಾರಿಸುತ್ತಿದ್ದರು. ಕೊಲೊರಾಡೊದ ತೆರವಾದ ಮಲೆಗಳಲ್ಲಾದರೋ ಇನ್ನೂರು ಮುನ್ನೂರು ಗಜಗಳ ದೂರ ಸಾಮಾನ್ಯ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತವಾಗಿ ಅರ್ಧ ಗಂಟೆಯವರೆಗೆ ಮಾತ್ರ ಅಲ್ಲಿ ಬೇಟೆಗೆ ಅನುಮತಿಯುಂಟು.

ಇನ್ನು ಕೋವಿಯ ಅಳತೆ. ತೋಟದ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಕೋವಿ ಹನ್ನೆರಡು ಬೋರಿನದು. ಈ ಹನ್ನೆರಡೆಂಬ ಲೆಕ್ಕ ಏನೆಂದು ಬಳಸುವವರಲ್ಲಿಯೂ ಅನೇಕರಿಗೆ ತಿಳಿಯದು. ನಳಿಗೆಯ ಬಾಯಿಗೆ ಸರಿಯಾಗುವ ಸೀಸದ ಗುಂಡುಗಳನ್ನು ಎರಕ ಹೊಯ್ದರೆ ಒಂದು ಪೌಂಡಿಗೆ ಹನ್ನೆರಡು ತೂಗುವುವೆಂಬುದೇ ಅದರ ಅರ್ಥ. ಆದಕಾರಣ ಇಲ್ಲಿ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದಾಗುತ್ತದೆ. ರೈಫಲಿನ ಲೆಕ್ಕವೇ ಬೇರೆ. ಅಲ್ಲಿ ನಳಿಗೆಯ ಅಗಲವನ್ನು ಅಂಗುಲದ ಭಾಗಗಳಲ್ಲಿಯೋ ಮಿಲಿಮೀಟರಿನಲ್ಲಿಯೋ ಹೇಳುತ್ತಾರೆ: .೨೭೦ ಎಂದರೆ ಅಂಗುಲದ ನೂರರಲ್ಲಿ ಇಪ್ಪತ್ತೇಳು ಭಾಗ. ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳುಹಿಸುವುವು.

ಆದರೆ ಅಳತೆಯೊಂದರಿಂದಲೇ ಕೋವಿಯ ಬಲವನ್ನು ತೂಗುವುದು ಪಾತ್ರೆಯ ಬಾಯಿ ನೋಡಿ ಒಳಗಿನ ಹಾಲನ್ನು ಅಳೆದಂತಾಗುವುದು. .೩೦-೦೬ ಎಂಬ ತೋಟೆಗೂ .೩೦೦ ವಿಂಚೆಸ್ಟರ್ ಮ್ಯಾಗ್ನಮ್ ಎಂಬ ತೋಟೆಗೂ ಗುಂಡಿನ ಅಗಲ ಒಂದೇ. ಮದ್ದಿನ ಪ್ರಮಾಣ ಬೇರೆಯಾದುದರಿಂದ ಮೊದಲಿನದು ನಳಿಗೆಯ ಬಾಯಲ್ಲಿ ಸುಮಾರು ೨೯೦೦ ಅಡಿ-ಪೌಂಡುಗಳ ಶಕ್ತಿಯನ್ನು ಪಡೆದರೆ ಎರಡನೆಯದು ಸುಮಾರು ೩೫೦೦ ಪಡೆಯುತ್ತದೆ. ಒಂದು ಪೌಂಡು ತೂಕವನ್ನು ಒಂದು ಅಡಿ ಎತ್ತುವುದಕ್ಕೆ ಬೇಕಾದ ಶಕ್ತಿಯೇ ಒಂದು ಅಡಿ-ಪೌಂಡು. ಗುಂಡಿನ ತೂಕ ಎರಡರಷ್ಟಾದರೆ ಶಕ್ತಿಯೂ ಎರಡರಷ್ಟಾಗುವುದು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುವುದು. ದೂರ ಹೋದಂತೆಲ್ಲ ಗಾಳಿಯ ತಡೆಯಿಂದ ವೇಗ ಕುಂದಿ ಶಕ್ತಿ ಬೇಗಬೇಗನೆ ಇಳಿಯುತ್ತದೆ.

ಎಷ್ಟು ಶಕ್ತಿ ಸಾಕು? ಇದನ್ನು ಬೇಟೆಗಾರನ ಇಚ್ಛೆಗೆ ಬಿಡದೆ ಕೆಲವು ದೇಶಗಳು ಕಾನೂನಿನಲ್ಲಿಯೇ ಬರೆದಿವೆ. ಕೊಲೊರಾಡೊದಲ್ಲಿ ಎಲ್ಕ್ ಬೇಟೆಯ ರೈಫಲ್ .೨೪ ಅಂಗುಲಕ್ಕೆ ಕಡಮೆಯಿರಕೂಡದು. ಗುಂಡು ೮೫ ಗ್ರೇನಿಗೆ ಕಡಮೆ ತೂಗಕೂಡದು. ನೂರು ಗಜದ ದೂರದಲ್ಲಿ ಅದಕ್ಕೆ ೧೦೦೦ ಅಡಿ-ಪೌಂಡು ಶಕ್ತಿ ಉಳಿದಿರಬೇಕು. ಒಂದು ಪೌಂಡಿಗೆ ೭೦೦೦ ಗ್ರೇನು ಎಂದು ತಿಳಿದರೆ ಗುಂಡಿನ ತೂಕದ ಅಂದಾಜಾಗುವುದು. ಇಂಗ್ಲೆಂಡಿನಲ್ಲಿಯೂ ಜಿಂಕೆಗಳಿಗೆ .೨೪೦ ಅಂಗುಲ, ನಳಿಗೆಯ ಬಾಯಲ್ಲಿ ೧೭೦೦ ಅಡಿ-ಪೌಂಡು ಎಂಬ ಕನಿಷ್ಠ ಮಿತಿಯುಂಟು. ಇವು ಕೆಳಗಿನ ಮಿತಿಗಳು ಮಾತ್ರ. ಎಲ್ಕಿನಂತಹ ಮೃಗಕ್ಕೆ ಗುಂಡು ತಗಲುವ ಸ್ಥಳದಲ್ಲಿ ೧೫೦೦ ಅಡಿ-ಪೌಂಡು ಇರಬೇಕೆಂಬುದು ಅಲ್ಲಿನ ಅನುಭವಿಗಳ ವಾಡಿಕೆಯ ಲೆಕ್ಕ. ೧೮೦ ಗ್ರೇನಿನ ಗುಂಡುಳ್ಳ .೩೦-೦೬ ಮುನ್ನೂರು ಗಜದಲ್ಲಿಯೂ ಈ ಮಿತಿಗೆ ಇಳಿಯುವುದಿಲ್ಲ. ೧೯೦೬ರಲ್ಲಿ ಹುಟ್ಟಿದ ಆ ತೋಟೆ ನೂರು ವರ್ಷ ಕಳೆದ ಮೇಲೂ ಬಳಕೆಯಲ್ಲಿರುವುದಕ್ಕೆ ಇದೇ ಕಾರಣ. ೧೯೨೫ರ .೨೭೦ ವಿಂಚೆಸ್ಟರ್, ೧೯೫೨ರ .೩೦೮ ವಿಂಚೆಸ್ಟರ್, ೧೯೬೨ರ ಏಳು ಮಿಲಿಮೀಟರ್ ರೆಮಿಂಗ್ಟನ್ ಮ್ಯಾಗ್ನಮ್, ಇವೂ ಯೋಗ್ಯವಾದವೇ.

ಹಾಗಾದರೆ ಎಲ್ಲಕ್ಕಿಂತ ಬಲವಾದುದನ್ನು ಕೊಂಡರೆ ದಯೆ ಹೆಚ್ಚಾದಂತಾಗುವುದೇ? ಆಗುವುದಿಲ್ಲ. ಬಲ ಹೆಚ್ಚಿದಷ್ಟೂ ಕೋವಿಯ ಒದೆತ ಹೆಚ್ಚು. ಹೆಗಲಿಗೆ ನೋವಾಗುವುದೆಂಬ ಭಯ ಒಮ್ಮೆ ಒಳಹೊಕ್ಕರೆ, ಕುದುರೆ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತದೆ, ಕೈ ಅದಿರುತ್ತದೆ. ಗುಂಡು ಪುಪ್ಪುಸಕ್ಕೆ ಹೋಗುವ ಬದಲು ಹೊಟ್ಟೆಗೋ ಕಾಲಿಗೋ ಹೋಗುತ್ತದೆ. ಸರಿಯಾದ ಸ್ಥಳಕ್ಕೆ ತಗುಲಿದ ಸಾಧಾರಣ ಗುಂಡು ತಪ್ಪಾದ ಸ್ಥಳಕ್ಕೆ ತಗುಲಿದ ಭಾರಿ ಗುಂಡಿಗಿಂತ ಸಾವಿರ ಪಾಲು ಮೇಲು. ೧೯೦೭ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟನಿಗೆ ಬಹುಮಾನವಾಗಿ ಬಂದ ರಿಗ್ಬಿ ರೈಫಲ್ .೨೭೫ ಅಳತೆಯದು. ನಮ್ಮ ಮೈಸೂರು ಸೀಮೆಯ ಕಾಡುಗಳಲ್ಲಿ ತಿರುಗಿದ ಕೆನೆತ್ ಆಂಡರ್ಸನ್ನನಾದರೋ .೪೦೫ ವಿಂಚೆಸ್ಟರನ್ನು ನಂಬಿದ್ದನು. ತೇಜಸ್ವಿಯವರ ಕನ್ನಡದಲ್ಲಿ ಅವನ ಕಥೆಗಳನ್ನು ಓದಿದವರು ಬಲ್ಲರು: ಅಲ್ಲಿ ಗೆಲ್ಲುವುದು ತಾಳ್ಮೆ, ತೋಟೆಯ ಅಳತೆಗೆ ಆಮೇಲಿನ ಸ್ಥಾನ.

ಗುಂಡಿನ ಬಗೆಯಲ್ಲಿ ಒಂದು ವಿಚಿತ್ರವುಂಟು. ಕಲ್ಕತ್ತೆಯ ಹತ್ತಿರದ ಡಂ ಡಂ ಎಂಬ ಸ್ಥಳದ ಕಾರ್ಖಾನೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಮೈಯೊಳಗೆ ಹೊಕ್ಕೊಡನೆ ಅರಳಿ ಅಗಲವಾಗುವ ಗುಂಡನ್ನು ಮಾಡಿದರು. ಇದು ಅತಿ ಕ್ರೂರವೆಂದು ೧೮೯೯ರ ಹೇಗ್ ಸಮ್ಮೇಳನವು ಯುದ್ಧದಲ್ಲಿ ಅದನ್ನು ನಿಷೇಧಿಸಿತು. ಆದರೆ ಅದೇ ಬಗೆಯ ಅರಳುವ ಗುಂಡನ್ನೇ ಬಳಸಬೇಕೆಂದು ಕೊಲೊರಾಡೊದ ಬೇಟೆಯ ಕಾನೂನು ವಿಧಿಸುತ್ತದೆ! ಎರಡಕ್ಕೂ ಕೊಟ್ಟಿರುವ ಕಾರಣ ದಯೆಯೇ. ಸಿಪಾಯಿಯನ್ನು ಯುದ್ಧಕ್ಕೆ ಅಸಮರ್ಥನನ್ನಾಗಿ ಮಾಡಿದರೆ ಸಾಕು, ಅವನು ಚಿಕಿತ್ಸೆ ಪಡೆದು ಬದುಕಲಿ ಎಂಬುದು ಅಲ್ಲಿನ ಆಶಯ. ಮೃಗಕ್ಕಾದರೋ ಆಸ್ಪತ್ರೆಯಿಲ್ಲ, ದಾದಿಯಿಲ್ಲ. ಅರಳದ ಗುಂಡು ಸೂಜಿಯಂತೆ ತೂರಿಹೋದರೆ ಅದು ದಿನಗಟ್ಟಲೆ ನರಳಿ ಸಾಯಬೇಕಾಗುತ್ತದೆ. ಈಚೆಗೆ ಸೀಸದ ಬದಲು ಬರಿಯ ತಾಮ್ರದ ಗುಂಡುಗಳೂ ಬಳಕೆಗೆ ಬಂದಿವೆ. ಮಾಂಸದಲ್ಲಿ ಉಳಿಯುವ ಸೀಸದ ಚೂರುಗಳು ಅದನ್ನು ತಿನ್ನುವ ಮಕ್ಕಳಿಗೂ, ಬಿಸುಟ ಕರುಳನ್ನು ತಿನ್ನುವ ಹದ್ದುಗಳಿಗೂ ವಿಷ. ೨೦೧೯ರ ಜುಲೈ ತಿಂಗಳಿಂದ ಕ್ಯಾಲಿಫೋರ್ನಿಯಾ ಪ್ರಾಂತವು ಬೇಟೆಯಲ್ಲಿ ಸೀಸವನ್ನು ಪೂರ್ತಿಯಾಗಿ ನಿಲ್ಲಿಸಿದೆ.

ಇಷ್ಟೆಲ್ಲ ಗ್ರಂಥಸ್ಥವಾದ ವಿಷಯ. ಹುಡುಗನು ಕೇಳಿದುದು ಮುತ್ತಜ್ಜನ ಮಾತನ್ನು. ನಮ್ಮ ಅಜ್ಜಯ್ಯನವರಲ್ಲಿ ಜೋಡುನಳಿಗೆಯ ಒಂದು ತೋಟಾ ಕೋವಿಯೂ ಒಂದು ರೈಫಲೂ ಇದ್ದುವು. ೧೯೦೧ರಲ್ಲಿಯೇ ಮೈಸೂರು ಸಂಸ್ಥಾನವು ಬೇಟೆ ಮತ್ತು ಮೀನುಗಾರಿಕೆಯನ್ನು ಹತೋಟಿಯಲ್ಲಿಡುವ ಶಾಸನವನ್ನು ಮಾಡಿದ್ದರೂ ಅವರ ಪ್ರಾಯದ ದಿನಗಳಲ್ಲಿ ಕಡವೆ ಬೇಟೆ ಈ ಸೀಮೆಯ ಮನೆಮನೆಯ ಸಂಗತಿಯಾಗಿತ್ತು. ಕಾಫಿತೋಟಕ್ಕೂ ಬೇಟೆಗೂ ಇದ್ದ ನಂಟು ಎಷ್ಟೆಂಬುದಕ್ಕೆ ಮಂಜರಾಬಾದಿನ ಪ್ಲಾಂಟರನಾಗಿದ್ದ ರಾಬರ್ಟ್ ಎಲಿಯಟ್ ೧೮೯೪ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರೇ ಸಾಕ್ಷಿ: ಚಿನ್ನ, ಬೇಟೆ, ಕಾಫಿ ಬೇಸಾಯ ಮೂರನ್ನೂ ಆತನು ಒಂದೇ ಹೆಸರಿನಲ್ಲಿ ಕಟ್ಟಿದ್ದಾನೆ.

ಅಜ್ಜಯ್ಯನವರು ಕೋವಿಯ ಅಳತೆಯ ಮಾತನ್ನು ಹೆಚ್ಚಾಗಿ ಆಡುತ್ತಿರಲಿಲ್ಲ. ಅವರದು ಮೂರು ಕಟ್ಟಳೆ. ಸದ್ದಿಗೆ ಈಡು ಹಾಕಬಾರದು. ಮೃಗವನ್ನು ಪೂರ್ತಿ ಕಾಣದೆ ಕುದುರೆಯ ಮೇಲೆ ಬೆರಳಿಡಬಾರದು. ಮಗ್ಗುಲು ಕೊಟ್ಟು ನಿಲ್ಲುವವರೆಗೆ ಕಾಯಬೇಕು. ಬೆನ್ನು ತಿರುಗಿಸಿ ಓಡುವುದಕ್ಕೆ ಹೊಡೆಯುವವನು ಬೇಟೆಗಾರನಲ್ಲ. ಈಡು ತಗುಲಿದ ಮೃಗವನ್ನು ಬಿಟ್ಟು ಮನೆಗೆ ಬರಬಾರದು. ನೆತ್ತರಿನ ಜಾಡು ಹಿಡಿದು ಕೊನೆಯವರೆಗೆ ಹೋಗಬೇಕು, ಊಟ ತಪ್ಪಿದರೂ ಸರಿಯೇ, ಮಳೆ ಹಿಡಿದರೂ ಸರಿಯೇ. ಮೂರನೆಯ ಕಟ್ಟಳೆಯ ಅರ್ಥ ನಮಗೆ ಆದುದು ೧೯೬೭ರ ಸುಮಾರಿಗೆ, ನಾವು ಹತ್ತು ವರ್ಷದ ಹುಡುಗರಾಗಿದ್ದಾಗ.

ಹೊನ್ನಮ್ಮನ ಹಳ್ಳದ ಕಡೆಗೆ ಹರಿಯುವ ಸಣ್ಣ ತೊರೆಯೊಂದು ನಮ್ಮ ತೋಟದ ಕೆಳಗಿದೆ. ಅದರ ಮಡುವಿನಲ್ಲಿ ಒಂದು ಹೆಣ್ಣು ಕಡವೆ ಬಿದ್ದಿದೆಯೆಂದು ಆಳುಗಳು ಬಂದು ಹೇಳಿದರು. ಯಾರೋ ಕತ್ತಲಲ್ಲಿ ಹನ್ನೆರಡು ಬೋರಿನ ಕೋವಿಯಿಂದ ದೂರದಲ್ಲಿ ಚರೆ ಹಾರಿಸಿದ್ದರು. ಚರೆಯೆಂಬುದು ನಳಿಗೆ ಬಿಟ್ಟೊಡನೆ ಹರಡುವ ಪದಾರ್ಥ. ಹಕ್ಕಿಗೆ, ಮೊಲಕ್ಕೆ ಸರಿ. ದೊಡ್ಡ ಮೃಗಕ್ಕೆ ಅದು ಹತ್ತಾರು ಕಡೆ ಗಾಯ ಮಾಡುತ್ತದೆಯೇ ಹೊರತು ಒಂದು ಕಡೆಯೂ ಆಳವಾಗಿ ಹೋಗುವುದಿಲ್ಲ. ಗಾಯಗಳಲ್ಲಿ ಹುಳುವಾಗಿದ್ದುವು. ಕೆನ್ನಾಯಿಗಳು ಅಟ್ಟಿದಾಗ ನೀರಿಗಿಳಿಯುವುದು ಕಡವೆಯ ಸ್ವಭಾವ; ನೋವು ಅಟ್ಟಿದಾಗಲೂ ಅದು ನೀರಿಗೇ ಇಳಿದಿತ್ತು. ಅಜ್ಜಯ್ಯನವರು ರೈಫಲನ್ನು ತರಿಸಿ ಒಂದೇ ಗುಂಡಿನಿಂದ ಅದರ ನರಳಾಟವನ್ನು ಮುಗಿಸಿದರು. ಆ ಮಾಂಸವನ್ನು ಯಾರೂ ಮುಟ್ಟಲಿಲ್ಲ. ಗುಂಡಿ ತೆಗೆಸಿ ಹೂಳಿಸಿದರು. ಹಿಂದಿರುಗುವಾಗ ಅವರು ಆಡಿದ ಮಾತು ಒಂದೇ: "ಯಾರೋ ಮಾಡಿದ ಸಾಲ, ನಾವು ತೀರಿಸಿದೆವು." ಆಮೇಲೆ ಅವರು ಬೇಟೆಗೆ ಹೋದುದನ್ನು ನಾವು ಕಾಣೆವು. ಕೆಲವು ವರ್ಷಗಳಲ್ಲಿ ರೈಫಲೂ ಮಾರಾಟವಾಯಿತು.

ಇದನ್ನೆಲ್ಲ ಹುಡುಗನಿಗೆ ಬರೆದು, ಕೆಳಗೆ ನಮ್ಮ ಸಲಹೆಯನ್ನೂ ಬರೆದೆವು. ".೩೦-೦೬ ಅಥವಾ .೩೦೮ ಕೊಳ್ಳು. ಅದಕ್ಕಿಂತ ಭಾರವಾದುದು ನಿನ್ನಂತಹ ಹೊಸಬನಿಗೆ ಬೇಡ. ಗುಂಡು ಅರಳುವುದಾಗಿರಲಿ, ಅರಳಿದರೂ ಚೂರುಚೂರಾಗದೆ ಆಳಕ್ಕೆ ಹೋಗುವಂತಹುದಾಗಿರಲಿ; ತಾಮ್ರದ್ದಾದರೆ ಮೇಲು. ಬೇಟೆಗೆ ಎರಡು ತಿಂಗಳು ಮುಂಚಿತವಾಗಿ ಊಟದ ತಟ್ಟೆಯಷ್ಟು ಅಗಲದ ಕಾಗದವನ್ನು ನಿಲ್ಲಿಸಿ, ನಿಂತು, ಕುಳಿತು, ಮಂಡಿಯೂರಿ ಹೊಡೆದು ನೋಡು. ಹತ್ತಕ್ಕೆ ಹತ್ತೂ ತಟ್ಟೆಯೊಳಗೆ ಬೀಳುವ ದೂರವೇ ನಿನ್ನ ದೂರ. ನಿನ್ನ ಕೋವಿ ಐನೂರು ಗಜ ಹೊಡೆಯಬಲ್ಲುದಾದರೆ ಅದು ಕೋವಿಯ ದೊಡ್ಡಸ್ತಿಕೆ, ನಿನ್ನದಲ್ಲ. ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೆಯ ಒಂದು ಪಾಲಿನಲ್ಲಿ, ಹೃದಯವೂ ಪುಪ್ಪುಸವೂ ಇರುವ ಜಾಗಕ್ಕಲ್ಲದೆ ಬೇರೆಲ್ಲಿಗೂ ಗುರಿಯಿಡಬೇಡ. ಹೊಡೆದ ಮೇಲೆ ಒಡನೆಯೇ ಓಡಿಹೋಗಬೇಡ. ಕೊಂಚ ಕಾದು ಜಾಡು ನೋಡು. ಸ್ವೀಡನ್ನಿನಲ್ಲಿ ಎಲ್ಕ್ ಬೇಟೆಗೆ ಹೋಗುವವರು, ಗಾಯಗೊಂಡ ಮೃಗವನ್ನು ಹುಡುಕಬಲ್ಲ ತರಬೇತಿಯ ನಾಯಿ ಎರಡು ಗಂಟೆಯೊಳಗೆ ಸ್ಥಳಕ್ಕೆ ಬರುವಂತೆ ಮೊದಲೇ ಏರ್ಪಾಡು ಮಾಡಿಕೊಂಡಿರಬೇಕು. ನಿನ್ನ ಮುತ್ತಜ್ಜನವರ ಮೂರನೆಯ ಕಟ್ಟಳೆಯನ್ನು ಅಲ್ಲಿನವರು ಕಾನೂನು ಮಾಡಿದ್ದಾರೆ."

ಇನ್ನು ಅತ್ತಿಗೆಯವರ ಪ್ರಶ್ನೆ. ಅದಕ್ಕೆ ಉತ್ತರ ಹೇಳುವುದು ಕಷ್ಟ. ಕೊಲ್ಲುವುದು ಒಳ್ಳೆಯದೇ? ಮಾಂಸಾಹಾರಿಗಳಾದ ನಾವು ಅಂಗಡಿಯ ಕೋಳಿಯ ಸಾವನ್ನು ಕಾಣದೆ ತಿಂದು, ಬೆಟ್ಟದ ಮೃಗದ ಸಾವನ್ನು ಮಾತ್ರ ಪಾಪವೆನ್ನುವುದು ನ್ಯಾಯವಲ್ಲ. ಕೊಲೊರಾಡೊದಲ್ಲಿ ಕೊಂದ ಎಲ್ಕಿನ ಮಾಂಸವನ್ನು ವ್ಯರ್ಥಮಾಡುವುದು ಅಪರಾಧ. ಹೊತ್ತು ತಂದು ತಿನ್ನಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಎಲ್ಕುಗಳು ಬಹುಮಟ್ಟಿಗೆ ನಾಶವಾಗಿದ್ದುವು; ವಯೋಮಿಂಗ್ ಪ್ರಾಂತದಿಂದ ಕೆಲವನ್ನು ತಂದು ಬಿಟ್ಟು, ಬೇಟೆಯನ್ನು ಬಿಗಿಯಾದ ಲೆಕ್ಕಕ್ಕೆ ಒಳಪಡಿಸಿ, ಈಗ ಎರಡೂವರೆ ಲಕ್ಷಕ್ಕೂ ಮಿಕ್ಕಿ ಬೆಳೆಸಿದ್ದಾರೆ. ೧೯೩೭ರ ಒಂದು ಶಾಸನದ ಮೇರೆಗೆ ಆ ದೇಶದಲ್ಲಿ ರೈಫಲು ತೋಟೆಗಳ ಮೇಲೆ ಶೇಕಡ ೧೧ರಷ್ಟು ತೆರಿಗೆ ಎತ್ತಿ ವನ್ಯಮೃಗಗಳ ರಕ್ಷಣೆಗೆ ವೆಚ್ಚಮಾಡುತ್ತಾರೆ. ೧೯೪೯ರ ಜನವರಿ ಒಂದರಿಂದ ಈಚೆಗೆ ಹುಟ್ಟಿದವರಿಗೆ ಬೇಟೆಯ ಪಾಠ ಕಲಿತಲ್ಲದೆ ಕೊಲೊರಾಡೊದಲ್ಲಿ ಸಾಮಾನ್ಯವಾಗಿ ಪರವಾನಗಿ ದೊರೆಯದು. ಎಷ್ಟು ಮೃಗ, ಯಾವ ಕಣಿವೆ, ಗಂಡೋ ಹೆಣ್ಣೋ, ಯಾವ ದಿನಗಳು, ಎಲ್ಲವನ್ನೂ ಸರಕಾರವೇ ಗೊತ್ತುಮಾಡುತ್ತದೆ.

ಈ ವ್ಯವಸ್ಥೆಯನ್ನು ಕಂಡು, ನಮ್ಮಲ್ಲಿಯೂ ಬೇಟೆಯನ್ನು ಮತ್ತೆ ತೆರೆಯಬಾರದೇಕೆ ಎನ್ನುವ ನೆರೆಹೊರೆಯ ಗೃಹಸ್ಥರು ಉಂಟು. ಹಂದಿಯ ಕಾಟದಿಂದ ಬೇಸತ್ತವರ ಬಾಯಲ್ಲಿ ಆ ಮಾತು ಬಂದರೆ ಆಶ್ಚರ್ಯವೇನೂ ಇಲ್ಲ. ಆದರೆ ನಾವು ಅದನ್ನು ಒಪ್ಪಲಾರೆವು. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದುದು ಮೃಗಗಳು ಮುಗಿಯುವ ಹಂತಕ್ಕೆ ಬಂದ ಮೇಲೆ. ಉಳಿದಿದ್ದ ಬೇಟೆಯ ಪರವಾನಗಿಗಳೂ ೧೯೯೧ರ ತಿದ್ದುಪಡಿಯಿಂದ ನಿಂತುಹೋದುವು. ಕಡವೆಯು ಅಪಾಯಕ್ಕೆ ಸಿಕ್ಕಿದ ಜಾತಿಯೆಂದು ೨೦೦೮ರಿಂದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದೆ. ಅದು ಹುಲಿಯ ಮುಖ್ಯ ಆಹಾರ. ನಮ್ಮ ಬೆಟ್ಟದ ಆಚೆ ಇಳಿದರೆ ಭದ್ರಾ ಅಭಯಾರಣ್ಯ. ೧೯೫೧ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವೆಂದು ಆರಂಭವಾಗಿ, ೧೯೭೪ರಲ್ಲಿ ಹಿಗ್ಗಿ, ೧೯೯೮ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಹುಲಿಗೆ ಜಾಗ ಬಿಟ್ಟುಕೊಟ್ಟು ಅಲ್ಲಿನ ಹಳ್ಳಿಗಳ ನೂರಾರು ಸಂಸಾರಗಳು ೨೦೦೧-೦೨ರ ಸುಮಾರಿಗೆ ಹುಟ್ಟೂರನ್ನು ತೊರೆದು ಹೊರಕ್ಕೆ ಬಂದುವು. ಅಷ್ಟು ಬೆಲೆ ತೆತ್ತು ಉಳಿಸಿದ ಮೃಗಗಳನ್ನು ನಾವು ವಿನೋದಕ್ಕಾಗಿ ಕೇಳುವುದು ಯಾವ ಮುಖದಿಂದ? ಅಲ್ಲಿ ಹೆಚ್ಚಿದ ಮೃಗವನ್ನು ಲೆಕ್ಕವಿಟ್ಟು ತೆಗೆಯುವುದು ಬೇರೆ; ಇಲ್ಲಿ ಉಳಿದ ಮೃಗವನ್ನು ಲೆಕ್ಕವಿಲ್ಲದೆ ಕಳೆಯುವುದು ಬೇರೆ. ಒಂದೇ ಕೆಲಸ ಒಂದು ನೆಲದಲ್ಲಿ ಸಲ್ಲಬಹುದು, ಇನ್ನೊಂದು ನೆಲದಲ್ಲಿ ಸಲ್ಲದಿರಬಹುದು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಬೇಟೆ ನಿಂತಿತೆಂದ ಮಾತ್ರಕ್ಕೆ ನಮ್ಮ ಬೆಟ್ಟಗಳಲ್ಲಿ ಮೃಗಗಳ ನರಳಾಟ ನಿಂತಿಲ್ಲ. ಬೇಲಿಯ ಸಂದಿನಲ್ಲಿ ಕಟ್ಟುವ ತಂತಿಯ ಉರುಳು, ಹಂದಿಗೆಂದು ಇಡುವ ಸಿಡಿಮದ್ದು, ಕಂಬದಿಂದ ಕದ್ದು ಬೇಲಿಗೆ ಹಾಯಿಸುವ ವಿದ್ಯುತ್ತು, ಇವಕ್ಕೆ ಕಟ್ಟಳೆಯೂ ಇಲ್ಲ, ಕಣ್ಣೂ ಇಲ್ಲ. ಹಂದಿಗೆ ಹಾಕಿದ ಉರುಳಿಗೆ ಕಡವೆಯ ಮರಿ ಬೀಳುತ್ತದೆ, ಚಿರತೆ ಬೀಳುತ್ತದೆ, ಮನೆಯ ನಾಯಿಯೂ ಬೀಳುತ್ತದೆ. ಅಜ್ಜಯ್ಯನವರ ಕಾಲದ ಬೇಟೆಗಾರನು ತಾನು ಕೊಲ್ಲುವುದನ್ನು ಕಣ್ಣಾರೆ ಕಾಣಬೇಕಾಗಿತ್ತು. ಉರುಳು ಹಾಕಿದವನು ಮನೆಯಲ್ಲಿ ಹೊದ್ದು ಮಲಗಿರುತ್ತಾನೆ. ಬೆಳೆಗೆ ಹಾನಿಯಾದರೆ ಅರಣ್ಯ ಇಲಾಖೆಯಲ್ಲಿ ಪರಿಹಾರ ಕೇಳುವ ಮಾರ್ಗವಿದೆ. ತಡವಾದರೂ ಅದೇ ಮಾರ್ಗ. ನಮ್ಮ ತೋಟದ ಬೇಲಿಯನ್ನು ನಾವು ವಾರಕ್ಕೊಮ್ಮೆ ಉದ್ದಕ್ಕೂ ನಡೆದು ನೋಡಿ, ಕಂಡ ಉರುಳುಗಳನ್ನು ಕಿತ್ತು ತರುತ್ತೇವೆ. ಕಡವೆಗೆ ತಕ್ಕ ಕೋವಿ ಯಾವುದೆಂಬ ಪ್ರಶ್ನೆಗೆ ಅತ್ತಿಗುಂಡಿಯಲ್ಲಿ ಇಂದು ನಾವು ಕೊಡಬಲ್ಲ ಉತ್ತರ ಒಂದು ಇಕ್ಕಳ ಮಾತ್ರ.

ನವೆಂಬರಿನಲ್ಲಿ ಹುಡುಗನ ಉತ್ತರ ಬಂದಿತು. .೩೦೮ ಕೊಂಡನಂತೆ. ಅವನ ಪರವಾನಗಿ ಹೆಣ್ಣು ಎಲ್ಕಿನದು. ಮೊದಲ ಮೂರು ದಿನ ಕಂಡುವೆಲ್ಲ ಮುನ್ನೂರು ಗಜಕ್ಕೆ ಆಚೆ. ಅವನ ತಟ್ಟೆಯ ದೂರ ಇನ್ನೂರು ಗಜವಾದುದರಿಂದ ಹೊಡೆಯದೆ ಹಿಂದಿರುಗಿದನಂತೆ. ನಾಲ್ಕನೆಯ ದಿನ ಬೆಳಗ್ಗೆ ನೂರನಲವತ್ತು ಗಜದಲ್ಲಿ ಒಂದು ಮಗ್ಗುಲು ಕೊಟ್ಟು ನಿಂತಿತು. ಗುಂಡು ತಗುಲಿದ ಮೇಲೆ ನಲವತ್ತು ಹೆಜ್ಜೆ ನಡೆದು ಕುಸಿಯಿತು. "ಸಂತೋಷವಾಗುವುದೆಂದುಕೊಂಡಿದ್ದೆ, ಚಿಕ್ಕಪ್ಪ, ಆಗಲಿಲ್ಲ. ದುಃಖವೂ ಅಲ್ಲ. ಬಹಳ ಹೊತ್ತು ಅದರ ಪಕ್ಕದಲ್ಲಿ ಕುಳಿತಿದ್ದೆ. ಆಮೇಲೆ ಕತ್ತಿ ತೆಗೆದೆ. ಮಾಂಸವನ್ನು ಬೆನ್ನಮೇಲೆ ಹೊತ್ತು 

ತರುವುದಕ್ಕೆ ಎರಡು ದಿನ ಹಿಡಿಯಿತು" ಎಂದು ಬರೆದಿದ್ದನು.

ಅತ್ತಿಗೆಯವರು ಇದನ್ನೆಲ್ಲ ಮೌನವಾಗಿ ಕೇಳಿದರು. ನರಳಲಿಲ್ಲವೆಂಬುದನ್ನು ಕೇಳಿ ಅವರ ಮುಖ ಸಡಿಲವಾಯಿತು. ಆಮೇಲೆ, "ಅದರ ಜೊತೆಗೆ ಮರಿಯಿತ್ತೇ, ಕೇಳಿ ಬರೆಯಿರಿ" ಎಂದರು. ಬರೆದೆವು. ಅಕ್ಟೋಬರ್ ಕಳೆಯುವುದರೊಳಗಾಗಿ ಆ ವರ್ಷದ ಮರಿಗಳು ಹುಲ್ಲು ಮೇಯುವುದನ್ನು ಕಲಿತು ಹಿಂಡಿನೊಡನೆ ಬದುಕಬಲ್ಲುವೆಂಬುದನ್ನೂ, ಅದನ್ನು ಎಣಿಸಿಯೇ ಅಲ್ಲಿನವರು ಬೇಟೆಯ ದಿನಗಳನ್ನು ಇಟ್ಟುಕೊಂಡಿದ್ದಾರೆಂಬುದನ್ನೂ ಅತ್ತಿಗೆಯವರಿಗೆ ವಿವರಿಸಿದೆವು. "ಬದುಕಬಲ್ಲುದು ಬೇರೆ, ತಾಯಿಯನ್ನು ಹುಡುಕುವುದು ಬೇರೆ" ಎಂದು ಅವರು ಎದ್ದು ಒಳಕ್ಕೆ ಹೋದರು. ಮರಿಯನ್ನು ತಾನು ಕಾಣಲಿಲ್ಲವೆಂದು ಹುಡುಗನು ಬರೆದನು. ಆದರೆ ಆ ಪ್ರಶ್ನೆ ತನ್ನ ಮನಸ್ಸಿನಿಂದ ಹೋಗಿಲ್ಲವೆಂದೂ, ಮುಂದಿನ ವರ್ಷ ಪರವಾನಗಿಗೆ ಅರ್ಜಿ ಹಾಕುವುದನ್ನು ಇನ್ನೂ ನಿಶ್ಚಯಿಸಿಲ್ಲವೆಂದೂ ಸೇರಿಸಿದ್ದನು.

ಹೀಗೆ, ಕೋವಿಯ ಅಳತೆಗೆ ಉತ್ತರ ಸಿಕ್ಕಿತು. ಅಂಗುಲ, ಗ್ರೇನು, ಅಡಿ-ಪೌಂಡುಗಳಲ್ಲಿ ಅದನ್ನು ಬರೆದು ತೋರಿಸಬಹುದು, ಹತ್ತು ಜನರಿಗೆ ಹೇಳಬಹುದು. ಕೊಲ್ಲಲೇಬೇಕಾದ ಕಡೆ ನೋಯಿಸದೆ ಕೊಲ್ಲುವುದನ್ನು ಅದು ಕಲಿಸುತ್ತದೆ. ಅದು ಸಣ್ಣ ವಿದ್ಯೆಯಲ್ಲ. ಕೊಲ್ಲಲೇಬೇಕೇ ಎಂಬುದಕ್ಕೆ ಮಾತ್ರ ಯಾವ ಅಂಗಡಿಯಲ್ಲಿಯೂ ಅಳತೆ ಸಿಕ್ಕುವುದಿಲ್ಲ. ಅದನ್ನು ಪ್ರತಿಯೊಬ್ಬನೂ ತನ್ನ ಮನೆಯ ಹಿರಿಯರೊಡನೆ, ವಿಶೇಷವಾಗಿ ಮನೆಯ ಹೆಂಗಸರೊಡನೆ, ಕುಳಿತು ಕೇಳಿಕೊಳ್ಳಬೇಕು. ನಮ್ಮ ಹುಡುಗನು ಸಮುದ್ರದಾಚೆಯಿಂದ ಅದನ್ನು ಮನೆಗೆ ಬರೆದು ಕೇಳಿದನೆಂಬುದೇ ನಮಗೆ ಸಮಾಧಾನ.